ವೀಸಾ ಹತ್ತು ವರ್ಷದ್ದು, ವಾಸ ಆರು ತಿಂಗಳದ್ದು: ಟಿಳಕವಾಡಿಯ ವೀಸಾ ಕಚೇರಿಯೊಂದರ ಸೇವೆ

ಮಗಳ ಎರಡನೆಯ ಹೆರಿಗೆಯ ಸಲುವಾಗಿ ನಾನು ಮತ್ತು ನನ್ನ ಪತ್ನಿ 2024ರಲ್ಲಿ ಅಮೆರಿಕದ ಡಾಲಸ್‌ಗೆ ಹೋಗಿಬಂದೆವು. ವೀಸಾ ಅರ್ಜಿಯಿಂದ ಹಿಡಿದು ಟಿಕೆಟ್‌ವರೆಗಿನ ಕೆಲಸವನ್ನೆಲ್ಲ ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ವೀಸಾ ಸಲಹಾ ಕಚೇರಿಗೆ ವಹಿಸಿದ್ದೆವು. ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಮಕ್ಕಳ ಬಳಿ ಹೊರಟಿರುವ ನನ್ನ ವಯಸ್ಸಿನವರು ಇಂಥ ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಎದುರಾಗುವ ಸಂಗತಿ ಇದಾದ್ದರಿಂದ ಹೆಸರಿಗಿಂತ ನಡೆದದ್ದೇ ಉಪಯೋಗಕ್ಕೆ ಬಂದೀತು.

ಅರ್ಜಿಯ ಮಟ್ಟಿಗೆ ಅವರ ಕೆಲಸ ಅಚ್ಚುಕಟ್ಟು. ಡಿಎಸ್-160 ಎಂಬ ವೀಸಾ ಅರ್ಜಿಯನ್ನು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನನ್ನ ನಿವೃತ್ತಿಯ ದಿನಾಂಕವನ್ನು ಪಿಂಚಣಿ ಆದೇಶದೊಂದಿಗೆ ಹೋಲಿಸಿ ನೋಡಿಯೇ ತುಂಬಿದರು. ಅಮೆರಿಕ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಆಗ ತಲೆಗೆ 185 ಡಾಲರ್ ಇತ್ತು. ಅದರ ಮೇಲೆ ತಮ್ಮ ಸೇವಾಶುಲ್ಕವೆಂದು ಇಬ್ಬರಿಗೂ ಸೇರಿ ಆರು ಸಾವಿರ ರೂಪಾಯಿ ಪಡೆದು ರಸೀದಿಯನ್ನೂ ಕೊಟ್ಟರು. ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕಾನ್ಸುಲೇಟ್‌ನೊಳಗೆ ಮೊಬೈಲ್ ಒಯ್ಯುವಂತಿಲ್ಲವೆಂದು ಮೊದಲೇ ಎಚ್ಚರಿಸಿದ್ದರಿಂದ, ರಾತ್ರಿ ಬಸ್ಸಿನಲ್ಲಿ ಹೋಗಿದ್ದ ನಾವು ಬ್ಯಾಗು, ಮೊಬೈಲುಗಳನ್ನು ಲಾಡ್ಜಿನಲ್ಲಿಯೇ ಬಿಟ್ಟು ನಿಶ್ಚಿಂತೆಯಿಂದ ಸಾಲಿನಲ್ಲಿ ನಿಂತೆವು. ಸಂದರ್ಶನ ಎರಡು ನಿಮಿಷದಲ್ಲಿ ಮುಗಿಯಿತು. ಕಚೇರಿಯವರು ಕಟ್ಟಿಕೊಟ್ಟಿದ್ದ ಎಪ್ಪತ್ತು ಪುಟಗಳ ಫೈಲನ್ನು ಅಧಿಕಾರಿ ತೆರೆದೂ ನೋಡಲಿಲ್ಲ. ಅದನ್ನು ಹೊತ್ತು ನನ್ನ ಕೈ ನೋಯ್ದದ್ದಷ್ಟೇ ಲಾಭ.

ತೊಡಕು ಉಂಟಾದದ್ದು ವೀಸಾ ಬಂದ ಮೇಲೆ. ಪಾಸ್‌ಪೋರ್ಟಿನಲ್ಲಿ ಭೇಟಿಗೆ ಹೋಗುವವರಿಗೆ ಕೊಡುವ ಬಿ1/ಬಿ2 ವೀಸಾ ಹತ್ತು ವರ್ಷಗಳಿಗೆ ಅಂಟಿಸಿದ್ದನ್ನು ನೋಡಿ, ಅಲ್ಲಿ ಎಷ್ಟು ದಿನ ಇರಬಹುದೆಂದು ನಾನು ಕೇಳಿದಾಗ, ಮೇಜಿನ ಆಚೆಗಿದ್ದ ಯುವಕ "ಹತ್ತ ವರ್ಷದ ವೀಸಾ ಐತ್ರಿ ಸರ್, ಚಿಂತಿ ಬಿಡ್ರಿ, ದೀಪಾವಳಿ ಮುಗಿಸೇ ಬರ್ರಿ" ಎಂದು ಹೇಳಿ, ಮೇ 4ಕ್ಕೆ ಅಲ್ಲಿ ಇಳಿಯುವಂತೆಯೂ ನವೆಂಬರ್ 9ಕ್ಕೆ ಅಲ್ಲಿಂದ ಹೊರಡುವಂತೆಯೂ ಟಿಕೆಟ್ ಮಾಡಿಸಿದ. ವೀಸಾದ ಹತ್ತು ವರ್ಷವೆಂಬುದು ಆ ದೇಶದ ಬಾಗಿಲಿಗೆ ಹೋಗಿ ಒಳಗೆ ಬರಲು ಅನುಮತಿ ಕೇಳಬಹುದಾದ ಅವಧಿಯೇ ಹೊರತು, ಒಳಗೆ ವಾಸವಿರಬಹುದಾದ ಅವಧಿಯಲ್ಲ. ವಾಸದ ಅವಧಿಯನ್ನು ಪ್ರತಿ ಸಲವೂ ವಿಮಾನ ನಿಲ್ದಾಣದಲ್ಲಿರುವ ಅಧಿಕಾರಿಯೇ ನಿರ್ಧರಿಸುತ್ತಾರೆ ಮತ್ತು ಅದು ಐ-94 ಎಂಬ ದಾಖಲೆಯಲ್ಲಿ ನಮೂದಾಗುತ್ತದೆ. ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳಿಗೆ ಸಾಮಾನ್ಯವಾಗಿ ದೊರೆಯುವುದು ಆರು ತಿಂಗಳು.

ನಾವು ಅಲ್ಲಿ ಇಳಿದಾಗ ನನ್ನನ್ನು ಪ್ರಶ್ನಿಸಿದ ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಠಸ್ಸೆ ಒತ್ತಿ, ಅದರ ಮೇಲೆ ಪೆನ್ನಿನಿಂದ ಏನೋ ಗೀಚಿದರು. ಹದಿನಾರು ಗಂಟೆಗೂ ಮಿಕ್ಕಿದ ಪ್ರಯಾಣದ ದಣಿವಿನಲ್ಲಿ ಅದನ್ನು ಓದುವ ಗೋಜಿಗೆ ನಾನು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮಗಳು ಸರ್ಕಾರಿ ಜಾಲತಾಣದಿಂದ ನಮ್ಮ ಐ-94 ತೆಗೆದು ಮುದ್ರಿಸಿದಾಗ ಅದರಲ್ಲಿ ನವೆಂಬರ್ 3 ಎಂದಿತ್ತು. ಪಾಸ್‌ಪೋರ್ಟಿನಲ್ಲಿ ಗೀಚಿದ್ದೂ ಅದೇ ದಿನಾಂಕ. ನಮ್ಮ ಟಿಕೆಟ್ ಅದಕ್ಕಿಂತ ಆರು ದಿನ ತಡ. ಆರೇ ದಿನವಲ್ಲವೇ ಎಂದು ನನ್ನ ಪತ್ನಿ ಕೇಳಿದಳು. ಆದರೆ ಆ ದಿನಾಂಕವನ್ನು ಒಂದು ದಿನ ಮೀರಿದರೂ ಕೈಯಲ್ಲಿರುವ ಹತ್ತು ವರ್ಷದ ವೀಸಾ ಅಸಿಂಧುವಾಗುತ್ತದೆ. ಹೀಗೆ ಮೀರಿದ್ದು 180 ದಿನ ದಾಟಿದರೆ ಮರಳಿ ಹೋಗಲು ಮೂರು ವರ್ಷ, ಒಂದು ವರ್ಷ ಮುಟ್ಟಿದರೆ ಹತ್ತು ವರ್ಷ ನಿರ್ಬಂಧ ಬೀಳುತ್ತದೆ. ಅವಧಿ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಿ ವಿಸ್ತರಣೆ ಕೇಳಲು ಅವಕಾಶವಿದೆಯಾದರೂ, ಅದರ ಶುಲ್ಕವೇ ಆಗ 400 ಡಾಲರ್ ದಾಟಿತ್ತು, ಮತ್ತು ಆರು ದಿನಕ್ಕಾಗಿ ಅದನ್ನು ಕೇಳುವುದಕ್ಕೆ ನಮ್ಮ ಬಳಿ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ಇಪ್ಪತ್ತೆರಡು ಸಾವಿರ ರೂಪಾಯಿ ತೆತ್ತು ಟಿಕೆಟನ್ನು ನವೆಂಬರ್ 1ಕ್ಕೆ ಬದಲಿಸಿಕೊಂಡೆವು. ಲಕ್ಷ್ಮೀಪೂಜೆಯನ್ನೇನೋ ಮೊಮ್ಮಕ್ಕಳೊಂದಿಗೆ ಮಾಡಿದೆವು, ಬಲಿಪಾಡ್ಯ ಮಾತ್ರ ದಾರಿಯಲ್ಲಿಯೇ ಕಳೆಯಿತು.

ಯುವಕ ಬೇಕೆಂದೇ ದಾರಿ ತಪ್ಪಿಸಿದನೆಂದು ನನಗೆ ಅನಿಸುವುದಿಲ್ಲ. ಆ ಕಚೇರಿಗೆ ಕೆನಡಾಕ್ಕೆ ಹೋಗುವವರೂ ಬಹಳ ಜನ ಬರುತ್ತಾರೆ. ಅಲ್ಲಿಯ ಸೂಪರ್ ವೀಸಾದಲ್ಲಿ ತಂದೆತಾಯಿಗಳು 2022ರಿಂದೀಚೆಗೆ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು, ಅದಕ್ಕೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯವಿಮೆ ಕಡ್ಡಾಯ. ನನ್ನ ಭಾವಮೈದುನನಿಗೆ ಇದನ್ನೆಲ್ಲ ತಪ್ಪಿಲ್ಲದಂತೆ ತಿಳಿಸಿದವನು ಇದೇ ಯುವಕ. ಒಂದು ದೇಶದ ನಿಯಮದ ಧಾಟಿ ಇನ್ನೊಂದಕ್ಕೆ ಹತ್ತಿಕೊಂಡಿರಬೇಕು. ಆದರೆ ಟಿಕೆಟಿನ ಮೇಲೆ ಕಮಿಷನ್ ಪಡೆಯುವವರು ದಿನ ಎಣಿಸುವ ಹೊಣೆಯನ್ನೂ ಹೊರಬೇಕಲ್ಲವೇ?

ಊರಿಗೆ ಬಂದ ವಾರದಲ್ಲಿಯೇ ಐ-94ರ ಮುದ್ರಿತ ಪ್ರತಿಯೊಂದಿಗೆ ಕಚೇರಿಗೆ ಹೋದೆ. ಯುವಕ ಎರಡು ಸಲ ಓದಿ, ಬೆರಳು ಮಡಿಚಿ ತಿಂಗಳುಗಳನ್ನು ಎಣಿಸಿ, "ತಪ್ಪಾತ್ರಿ ಸರ್" ಎಂದ. ಹಣ ಹಿಂದಿರುಗಿಸಲು ಮಾಲೀಕರು ಒಪ್ಪಲಿಲ್ಲ. ಮುಂದಿನ ಸಲ ಸೇವಾಶುಲ್ಕದಲ್ಲಿ ಕಡಿಮೆ ಮಾಡುವುದಾಗಿ ಹೇಳಿದರು, ನಾನು ಹೂಂ ಎನ್ನಲಿಲ್ಲ. ಅರ್ಜಿ ತುಂಬುವ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ವಾಸದ ಅವಧಿಯ ಬಗೆಗಿನ ಸಲಹೆಗೆ ಒಂದು ಕೊಡುತ್ತೇನೆ. ಹೊರಡುವ ಮುನ್ನ ಯುವಕ ನನ್ನ ಪ್ರತಿಯ ಝೆರಾಕ್ಸ್ ಕೇಳಿ ಪಡೆದು, ಹೆಸರಿನ ಮೇಲೆ ಕಾಗದ ಅಂಟಿಸಿ, ಮೇಜಿನ ಗಾಜಿನ ಕೆಳಗೆ ಗಿರಾಕಿಗಳತ್ತ ಮುಖಮಾಡಿ ಇಟ್ಟ.