ಗದಗಿನ್ಯಾಗ ಸಿಡ್ಲಿನ ಅರೆಸ್ಟರ್ ಹಾಕಿಸಿದೆ: ಕೆಲಸ ಛಲೋ, ಬಂದದ್ದು ಎರಡು ದಿನ ತಡ

ಹೋದ ವರ್ಷ ಅಡ್ಡಮಳ್ಯಾಗ ಹೊಲದ ಬೇವಿನ ಗಿಡಕ್ಕ ಸಿಡ್ಲು ಬಡದು ಸೀಳಿ ಹೋತು, ಅವತ್ತಿಂದ ಗುಡುಗಿದ್ರ ಸಾಕು ಅವ್ವ ರಾತ್ರ್ಯಾಗ ಎದ್ದು ಕುಂಡ್ರತಾಳ, ಅದಕ್ಕ ಈ ಸಲ ಮಳಿ ಬರೂಕಿಂತ ಮೊದ್ಲ ಮನಿಗೆ ಅರೆಸ್ಟರ್, ಅಂದ್ರ ಸಿಡ್ಲನ್ನ ಹಿಡಿದು ನೆಲಕ್ಕ ಇಳಿಸೋ ರಾಡು, ಹಾಕಿಸಿದೆ.

ಮೊದ್ಲು ಬ್ಯಾರೆ ಕಡೆ ಕೇಳಿದ್ದೆ. "ಲೇಸರ್ ಟೆಕ್ನಾಲಜಿದ್ದು ಬಂದೈತ್ರಿ, ಸಿಡ್ಲು ಮನಿ ಹತ್ರ ಸುಳಿಯಂಗಿಲ್ಲ" ಅಂತ ಮೂರು ಪಟ್ಟು ರೇಟ್ ಹೇಳಿದ್ರು. ನಾ ಫಿಸಿಕ್ಸ್ ಓದಿದಾಂವ, ಸಿಟ್ಟು ಬಂತು. ಲೇಸರ್ ಹಚ್ಚಿ ಸಿಡ್ಲಿಗೆ ದಾರಿ ತೋರ್ಸಿದ್ದು ಖರೇನ ಐತಿ, 2021ರಾಗ ಸ್ವಿಟ್ಜರ್ಲೆಂಡಿನ ಸೆಂಟಿಸ್ ಗುಡ್ಡದಾಗ, 124 ಮೀಟರ್ ಟವರಿನ ಬಾಜೂಕ. ಸೆಕೆಂಡಿಗೆ 1000 ಸಲ ಮಿಡಿಯೋ ಲೇಸರ್ ಅದು, ಒಂದೊಂದು ಮಿಡಿತ ಒಂದು ಪಿಕೋಸೆಕೆಂಡ್, ಅಂದ್ರ ಸೆಕೆಂಡಿನ ಲಕ್ಷ ಕೋಟಿ ಪಾಲಿನ್ಯಾಗ ಒಂದು ಪಾಲು, ಅಷ್ಟರಾಗ ಬೆಳಕು ಸೈತ ಅರ್ಧ ಮಿಲಿಮೀಟರ್ ದಾಟಂಗಿಲ್ಲ. ಒಂದು ಮಿಡಿತದ ಶಕ್ತಿ ನೋಡಿದ್ರ ಬರೇ ಅರ್ಧ ಜೂಲ್, ಒಂದು ಕೋಳಿ ತತ್ತಿನ ನೆಲದಿಂದ ಒಂದು ಮೀಟರ್ ಎತ್ತಿದಷ್ಟ, ಆದ್ರ ಅದೆಲ್ಲಾ ಅಷ್ಟು ಸಣ್ಣ ಹೊತ್ತಿನ್ಯಾಗ ಬರೋದ್ರಿಂದ ಗಾಳಿನೇ ಲೆನ್ಸ್ ಆಗಿ ನಿಲ್ತೈತಿ, ಬೆಳಕು ತನ್ನಷ್ಟಕ್ಕ ತಾನ ಒಟ್ಟಾಗಿ ಕೂದಲೆಳಿಯಂಗ ಆಗ್ತೈತಿ, ಆಗ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಬಂದು ಬೆಳಕನ್ನ ತಿರುಗಿ ಹೊರಗ ಚದರಸ್ತಾವು, ಹಿಂಗ ಒಳಗ ಹೊರಗ ಜಗ್ಗಾಡಕೋತ ಆ ಎಳಿ ಮುಂದ ಹೋಗ್ತೈತಿ. ಹೋದ ದಾರ್ಯಾಗ ಗಾಳಿ ಕಾದು ತೆಳು ಆಗ್ತೈತಿ, ಸಿಡ್ಲು ಆ ಹಾದಿ ಹಿಡೀತೈತಿ. ಸುಮಾರು 50 ಮೀಟರ್ ಹಂಗ ನಡೆಸ್ಯಾರ. ಆದ್ರ ಆ ಮಷಿನ್ ಟನ್‌ಗಟ್ಟಲೆ ತೂಕದ್ದು, ಮನಿ ಮಾಳಗಿ ಮ್ಯಾಲ ಬರೋದಲ್ಲ. ಮತ್ತ ಅದು ಸಿಡ್ಲನ್ನ ಓಡಿಸಲಿಲ್ಲ, ಟವರಿಗೆ ಹತ್ತಿದ ಸಿಡ್ಲಿಗೆ ದಾರಿ ತೋರ್ಸಿತು ಅಷ್ಟ.

ಕಡೀಕ ಮುಳಗುಂದ ನಾಕಾ ಕಡೆ ಒಂದು ಸಣ್ಣ ಅಂಗಡಿಯವ್ರು ಮಾಡಿಕೊಟ್ರು. "ಅಣ್ಣಾರ, ತಾಮ್ರದ ಪಟ್ಟಿ, ಗಟ್ಟಿ ಅರ್ಥಿಂಗ್, ಇಷ್ಟ ನೋಡ್ರಿ ಬೇಕಾಗೋದು" ಅಂದ ಕೆಲಸದ ಹುಡುಗ. ಪಟ್ಟಿನ ಎಲ್ಲೂ ಚೌಕ ಮಡಚಲಿಲ್ಲ, ಮೊಣಕಾಲಿಗೆ ಒತ್ತಿ ನಿಧಾನಕ ಬಗ್ಗಿಸಿದ, ಮೂಲಿ ಕೊಟ್ರ ಸಿಡ್ಲು ಅಲ್ಲೇ ಗ್ವಾಡಿಗೆ ಜಿಗೀತೈತಂತ. ಟೆಸ್ಟರ್ ಹಚ್ಚಿದ್ರ ಅರ್ಥಿಂಗಿನ ರೆಸಿಸ್ಟೆನ್ಸ್ (ಕರೆಂಟ್ ನೆಲಕ್ಕ ಇಳಿಯೋದಕ್ಕ ಆಗೋ ತಡೆ) 14 ಓಮ್ ಬಂತು, 10ರೊಳಗ ಇರಬೇಕು, ಹೆಚ್ಚಿಗಿ ರೊಕ್ಕ ಕೇಳದ ಅರ್ಥಿಂಗಿಗೆ ಇನ್ನೊಂದು ಕುಣಿ ತಗದು ಜೋಡಿಸಿ 6ಕ್ಕ ಇಳಿಸಿದ.

ಹೇಳಿದ ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ, ಅದೊಂದ ಬ್ಯಾಸರ. ಐದಕ್ಕ ನಾಲ್ಕು ಕೊಡ್ತೀನಿ. ಎರಿ ಮಣ್ಣು ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ಕುಣಿಗೆ ನೀರು ಹಾಕ್ಕೋತ ಇರ್ರಿ ಅಂತ ಹೋಗೋ ಮುಂದ ಅವ್ವಗ ಹೇಳಿ ಹೋದ, ಈಗ ತುಳಸಿಗೆ ಹಾಕಿದ ಮ್ಯಾಲ ಅಲ್ಲೂ ಒಂದು ಕೊಡ ಸುರೀತಾಳ.