ನಾಯಿ ಹೇಳುವ ಕಥೆಗೆ ನಾಲ್ಕು ಡಾಲರ್

ಹೋದ ವರ್ಷ ಡಿಸೆಂಬರ್ 24ರ ರಾತ್ರಿ ನಾಲ್ಕು ಡಾಲರ್ ಕೊಟ್ಟು ಒಂದು ಸಿನಿಮಾ ಬಾಡಿಗೆಗೆ ತಗೊಂಡೆ. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ಹಾಸನದಿಂದ ನ್ಯೂಜೆರ್ಸಿಗೆ ಅಪ್ಪ ಅಮ್ಮ ಬರೋದೇ ಅಪರೂಪ. ಹೊರಗೆ ಹಿಮ, ಎಲ್ಲರಿಗೂ ರಜೆ, ಅಮ್ಮ ಸೂಟ್‌ಕೇಸಿನಲ್ಲಿ ತಂದ ಕೋಡುಬಳೆ ಡಬ್ಬಿ ಇನ್ನೂ ಅರ್ಧ ತುಂಬಿತ್ತು. ಅಂಥ ಸಂಜೆ ಕೈಬಿಟ್ಟು ಹೋಯಿತಲ್ಲ, ಆ ಸಂಕಟಕ್ಕೆ ಬರೆಯುತ್ತಿದ್ದೇನೆ.

ಸಿನಿಮಾ ಹೆಸರು 'ಲವ್ ದಿ ಕೂಪರ್ಸ್'. 2015ರಲ್ಲಿ ಬಂದದ್ದು. ಪಿಟ್ಸ್‌ಬರ್ಗ್‌ನ ಒಂದು ಕುಟುಂಬದ ಕ್ರಿಸ್ಮಸ್ ಹಬ್ಬದ ಕಥೆ, ಕಾಮಿಡಿ ಅಂತ ಹಾಕಿದ್ದರು. ಹೆಸರುಗಳನ್ನು ನೋಡಿದರೆ ಜಾತ್ರೆ. ಡಯೇನ್ ಕೀಟನ್, ಜಾನ್ ಗುಡ್‌ಮನ್, ಅಲನ್ ಆರ್ಕಿನ್, ಮರೀಸಾ ಟೊಮೆ, ಒಲಿವಿಯಾ ವೈಲ್ಡ್, ಎಡ್ ಹೆಲ್ಮ್ಸ್, ಅಮಾಂಡಾ ಸೈಫ್ರೆಡ್, ಆಂಟನಿ ಮ್ಯಾಕಿ. ಇನ್ನೂ ಹುಡುಗನಾಗಿದ್ದ ತಿಮೊಥಿ ಶಾಲಮೆ ಕೂಡ ಇದ್ದಾನೆ. ಇಷ್ಟು ಜನ ಹಬ್ಬದ ದಿನ ಒಂದೇ ಮನೆಯಲ್ಲಿ ಸೇರಿದರೆ ನಗು ಬರದೇ ಇರುತ್ತಾ ಅಂದುಕೊಂಡೆ.

ಅಲ್ಲೇ ಎಡವಿದ್ದು. ಇವರು ಒಂದೇ ಮನೆಯಲ್ಲಿ ಸೇರುವ ಹೊತ್ತಿಗೆ ಸಿನಿಮಾದ ಬಹುಪಾಲು ಮುಗಿದಿರುತ್ತದೆ.

ಕಥೆ ಪೂರ್ತಿ ಹೇಳಿಬಿಡುತ್ತೇನೆ. ನೋಡಬೇಡಿ ಅಂತ ಹೇಳೋಕೆ ಬಂದವಳು ಸಸ್ಪೆನ್ಸ್ ಯಾಕೆ ಕಾಪಾಡಲಿ?

ಸ್ಯಾಮ್ ಮತ್ತು ಷಾರ್ಲೆಟ್‌ಗೆ ಮದುವೆಯಾಗಿ 40 ವರ್ಷ. ಈಗ ಬೇರೆಯಾಗಲು ಹೊರಟಿದ್ದಾರೆ. ಆದರೆ ಮಕ್ಕಳಿಗೆ ಹೇಳಿಲ್ಲ, ಕೊನೆಯದಾಗಿ ಒಂದು ಚೆಂದದ ಕ್ರಿಸ್ಮಸ್ ಆಗಲಿ ಅಂತ ಬಾಯಿ ಮುಚ್ಚಿಕೊಂಡಿದ್ದಾರೆ. ಮಗ ಹ್ಯಾಂಕ್‌ಗೆ ಡಿವೋರ್ಸ್ ಆಗಿದೆ, ಕೆಲಸವೂ ಹೋಗಿದೆ. ಅದನ್ನು ಅವನೂ ಹೇಳಿಲ್ಲ. ಮಗಳು ಎಲಿನೋರ್ ಮನೆಗೆ ಹೋಗೋಕೆ ಮನಸ್ಸಿಲ್ಲದೆ ಏರ್‌ಪೋರ್ಟ್ ಬಾರ್‌ನಲ್ಲಿ ಕೂತಿದ್ದಾಳೆ. ಷಾರ್ಲೆಟ್‌ನ ತಂಗಿ ಎಮ್ಮಾ ಅಂಗಡಿಯಲ್ಲಿ ಬ್ರೂಚ್ ಕದ್ದು ಸಿಕ್ಕಿಬಿದ್ದು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿದ್ದಾಳೆ. ತಾತ ಬಕಿಗೆ ತಾನು ದಿನಾ ಊಟಕ್ಕೆ ಹೋಗುವ ಹೋಟೆಲಿನ ಹುಡುಗಿ ಊರು ಬಿಟ್ಟು ಹೋಗ್ತಾಳೆ ಅನ್ನೋ ಕೊರಗು.

ಒಬ್ಬೊಬ್ಬರದೂ ಒಂದೊಂದು ದುಃಖ. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ. ನಗು ಎಲ್ಲಿಂದ ಬರಬೇಕು ಹೇಳಿ. ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಹದಿನೈದು ಜನ ಸೇರಿದರೆ ಒಂದು ಬಚ್ಚಲುಮನೆಗೆ ಕ್ಯೂ ನಿಲ್ಲುವುದರಲ್ಲೇ ಅರ್ಧ ಕಾಮಿಡಿ ಮುಗಿದಿರುತ್ತದೆ. ಒಬ್ಬಟ್ಟಿನ ಹೂರಣ ತೆಳ್ಳಗಾಯ್ತು ಅಂತ ಶುರುವಾದ ಮಾತು ಹದಿನೈದು ವರ್ಷದ ಹಿಂದೆ ದೊಡ್ಡಪ್ಪ ಮಾರಿದ ಸೈಟಿಗೆ ಹೋಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಒಬ್ಬರ ಮೈಗೆ ಇನ್ನೊಬ್ಬರ ಮೈ ತಾಗಬೇಕು, ಆಗಲೇ ಮಜಾ. ಕೂಪರ್ಸ್ ಜನ ಸುಮ್ನೆ ಅವರವರ ಕಾರಿನಲ್ಲಿ ಕೂತು ಹಳೆಯದನ್ನು ನೆನೆಯುತ್ತಾರೆ.

ಅಮ್ಮ ಮೊದಲ ಅರ್ಧ ಗಂಟೆ ಶ್ರದ್ಧೆಯಿಂದ ನೋಡಿದರು. ಆಮೇಲೆ ಕೇಳಿದರು, "ಆ ಬಿಳಿ ಕೂದಲಿನವರು ಯಾರೇ, ಅವಳ ಗಂಡನಾ?"

"ಅಲ್ಲಮ್ಮ, ಗಂಡ ಆ ದಪ್ಪಗಿದ್ದಾರಲ್ಲ, ಅವರು. ಇವರು ಅವಳ ಅಪ್ಪ."

"ಅಪ್ಪನಾ! ಇಬ್ಬರೂ ಒಂದೇ ಕ್ಲಾಸಲ್ಲಿ ಓದಿದ ಹಾಗಿದ್ದಾರೆ ಕಣೆ."

ಫೋನ್ ತೆಗೆದು ನೋಡಿದೆ. ತಾತ ಬಕಿಯಾಗಿರುವ ಅಲನ್ ಆರ್ಕಿನ್ ಹುಟ್ಟಿದ್ದು 1934ರಲ್ಲಿ, ಷಾರ್ಲೆಟ್ ಆಗಿರುವ ಡಯೇನ್ ಕೀಟನ್ 1946ರಲ್ಲಿ. ಅಪ್ಪನಿಗೂ ಮಗಳಿಗೂ ಹನ್ನೆರಡು ವರ್ಷವೂ ಅಂತರ ಇಲ್ಲ. ಅಕ್ಕ ತಂಗಿ ಆಗಿರುವ ಕೀಟನ್ ಮತ್ತು ಟೊಮೆ ನಡುವೆ 18 ವರ್ಷ ಇದೆ. ಅಮ್ಮನ ಕಣ್ಣು ಸುಳ್ಳು ಹೇಳಿರಲಿಲ್ಲ. ಆಮೇಲೆ ತಾತ ತೆರೆಗೆ ಬಂದಾಗಲೆಲ್ಲ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವತ್ತು ನಾವು ಜಾಸ್ತಿ ನಕ್ಕಿದ್ದು ಅದಕ್ಕೇ.

ಮಕ್ಕಳ ಜೊತೆ ಕೂರುವವರಿಗೆ ಒಂದು ಮಾತು. ಇದು ಪಿಜಿ-13 ಸಿನಿಮಾ, ಅಂದರೆ ಹದಿಮೂರು ತುಂಬದ ಮಕ್ಕಳಿಗೆ ಕೆಲವು ಭಾಗ ಸರಿಹೋಗಲಿಕ್ಕಿಲ್ಲ ಅನ್ನೋ ಎಚ್ಚರಿಕೆ. ನಾನು ಅದನ್ನು ಗಮನಿಸಲಿಲ್ಲ, ನನ್ನದೇ ತಪ್ಪು. ಹ್ಯಾಂಕ್‌ನ ಪುಟ್ಟ ಮಗಳು ಬಾಯಿ ತೆರೆದರೆ ಒಂದೇ ಬೈಗುಳ. ಅಷ್ಟು ಚಿಕ್ಕ ಮಗು ಅಂಥ ಮಾತಾಡೋದೇ ಜೋಕು, ಬೇರೇನಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿಸಿದ್ದಾರೆ. ನನ್ನ ಎಂಟು ವರ್ಷದ ಮಗಳಿಗೆ ಇಡೀ ಸಿನಿಮಾದಲ್ಲಿ ನೆನಪುಳಿದದ್ದು ಅದೊಂದೇ ಪದ. ಅಜ್ಜಿ ಅದರ ಅರ್ಥ ಕೇಳಿದಾಗ ನಾನು ಕೋಡುಬಳೆ ಡಬ್ಬಿ ಮುಂದೆ ಮಾಡಿದೆ. ಹದಿಹರೆಯದ ಇಬ್ಬರು ಹಲ್ಲಿಗೆ ಹಲ್ಲು ತಾಗುವ ಹಾಗೆ ಮುತ್ತಿಡುವ ದೃಶ್ಯವೂ ಇದೆ. ಅದು ಬಂದಾಗ ಅಪ್ಪ ಎದ್ದು ಶೂ ಹಾಕಿಕೊಂಡು, ಬಾಗಿಲ ಮುಂದಿನ ಹಿಮ ತೆಗೆದು ಬರುತ್ತೇನೆ ಅಂತ ಹೋದರು. ಎಪ್ಪತ್ತು ದಾಟಿದ ಹಾಸನದ ಮನುಷ್ಯ, ರಾತ್ರಿ ಒಂಬತ್ತೂವರೆಗೆ, ಕೈಯಲ್ಲಿ ಸಲಿಕೆ. ಸಿನಿಮಾ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಪೂರ್ತಿ ಕೆಟ್ಟದ್ದು ಅಂದರೆ ಅನ್ಯಾಯವಾಗುತ್ತದೆ. ಏರ್‌ಪೋರ್ಟ್ ಬಾರ್‌ನ ಭಾಗ ನಿಜಕ್ಕೂ ಚೆನ್ನಾಗಿದೆ. ಹಿಮದಿಂದಾಗಿ ಫ್ಲೈಟ್ ತಡವಾಗಿ ಸಿಕ್ಕಿಹಾಕಿಕೊಂಡ ಸೈನಿಕ ಜೋ ಅಲ್ಲಿ ಎಲಿನೋರ್‌ಗೆ ಸಿಗುತ್ತಾನೆ. ಅವನಿಗೆ ದೇವರಲ್ಲಿ ನಂಬಿಕೆ, ರಿಪಬ್ಲಿಕನ್. ಇವಳದು ಎಲ್ಲ ಉಲ್ಟಾ. ಮನೆಯವರ ಮುಂದೆ ನನ್ನ ಬಾಯ್‌ಫ್ರೆಂಡ್ ಹಾಗೆ ನಟಿಸು ಅಂತ ಅವನನ್ನೇ ಕರೆದುಕೊಂಡು ಹೋಗ್ತಾಳೆ. ಇಬ್ಬರೂ ಕಚ್ಚಾಡುತ್ತಾ ಹತ್ತಿರವಾಗೋದು ನೋಡೋಕೆ ಖುಷಿ. ಇವರಿಬ್ಬರದೇ ಒಂದೂವರೆ ಗಂಟೆಯ ಸಿನಿಮಾ ಮಾಡಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆದರೆ ಇವರ ಮಾತು ರುಚಿ ಹತ್ತುವಷ್ಟರಲ್ಲಿ ನಮ್ಮನ್ನು ಎಮ್ಮಾ ಇರುವ ಪೊಲೀಸ್ ಕಾರಿಗೆ ಎಳೆದುಕೊಂಡು ಹೋಗ್ತಾರೆ.

ಕೊನೆಗೂ ಎಲ್ಲರೂ ಊಟಕ್ಕೆ ಕೂರುತ್ತಾರೆ. ಅಬ್ಬ, ಈಗ ಶುರುವಾಗುತ್ತೆ ಅಂದುಕೊಂಡೆ. ಕರೆಂಟ್ ಹೋಯಿತು. ಒಬ್ಬೊಬ್ಬರ ಗುಟ್ಟೂ ಹೊರಗೆ ಬರುವ ಗಲಾಟೆಯಲ್ಲೇ ತಾತ ಕುಸಿದು ಬಿದ್ದರು, ಎಲ್ಲರೂ ಆಸ್ಪತ್ರೆಗೆ. ಅಲ್ಲಿ ಬೇರೆಯಾಗಲು ಹೊರಟವರು ಒಂದಾದರು, ಹ್ಯಾಂಕ್‌ಗೆ ಆ ಹೋಟೆಲ್ ಹುಡುಗಿ ಜೊತೆಯಾದಳು, ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಹಬ್ಬ ಆಯಿತು. ನಲವತ್ತು ವರ್ಷದ ಸಂಸಾರದ ಬಿರುಕು ಒಂದು ಕಾಫಿ ಆರುವಷ್ಟರಲ್ಲಿ ಸರಿಹೋಯಿತು.

ಇಷ್ಟೂ ಹೊತ್ತು ನಟ ಸ್ಟೀವ್ ಮಾರ್ಟಿನ್ ದನಿಯಲ್ಲಿ ಯಾರೋ ಕಥೆ ಹೇಳುತ್ತಿರುತ್ತಾರೆ. ಯಾರಿಗೆ ಹೇಗೆ ಎದೆ ಒಡೆಯಿತು, ಯಾರು ಏನು ನೆನೆಸಿಕೊಂಡರು, ಎಲ್ಲವೂ ಅವರಿಗೆ ಗೊತ್ತು. ಅದು ಯಾರು ಅಂತ ಕೊನೆಯಲ್ಲಿ ಬಯಲಾಗುತ್ತದೆ. ಮನೆಯ ನಾಯಿ, ರ‍್ಯಾಗ್ಸ್.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಏರ್‌ಪೋರ್ಟಿಗೆ ಯಾವಾಗ ಹೋಗಿತ್ತೇ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪೊಲೀಸ್ ಕಾರಿನಲ್ಲೂ ಅದು ಇರಲಿಲ್ಲ.

ಇನ್ನೊಂದು ವಿಷಯ. ಇಂಗ್ಲೆಂಡಿನಲ್ಲಿ ಇದೇ ಸಿನಿಮಾಗೆ ಹೆಸರು ಬೇರೆ, 'ಕ್ರಿಸ್ಮಸ್ ವಿತ್ ದಿ ಕೂಪರ್ಸ್'. ಇದು ನನಗೆ ಗೊತ್ತಾಗಿದ್ದು ಮೊನ್ನೆ. ಲಂಡನ್ನಿನಲ್ಲಿರುವ ತಂಗಿ ಫೋನ್ ಮಾಡಿ, ಅತ್ತೆ ಮಾವ ಬಂದಿದ್ದಾರೆ, ಯಾವುದೋ ಕ್ರಿಸ್ಮಸ್ ಸಿನಿಮಾ ಹಾಕ್ತಾ ಇದೀವಿ, ಡಯೇನ್ ಕೀಟನ್ ಇದ್ದಾಳೆ ಅಂದಳು. ನಾನು ಕುಕ್ಕರ್ ಕೂಗು ಕೇಳಿಸಿಕೊಳ್ಳುತ್ತಾ, ಕೀಟನ್ ಇದ್ದರೆ ಚೆನ್ನಾಗೇ ಇರುತ್ತೆ, ನೋಡಿ ಅಂದುಬಿಟ್ಟೆ. ಒಂದು ಗಂಟೆ ಬಿಟ್ಟು ಅವಳ ಮೆಸೇಜ್ ಬಂತು.

"ಅಕ್ಕ, ಇದರಲ್ಲಿ ಕಥೆ ಹೇಳ್ತಾ ಇರೋದು ಯಾರು? ಮಾವ ಕೇಳ್ತಾ ಇದ್ದಾರೆ."