ರಿಂಗು, ಪ್ಲಾಸ್ಟಿಕ್, ಸಂಪು: ಮೂರನ್ನೂ ಹೂತು ನೋಡಿದೆ

ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಬೋರ್ ನೀರಿಗೆ ಬರ ಇಲ್ಲ. ಆದರೆ ಅದರಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಗಡಸು ನೀರಿನ ಸುಣ್ಣ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಇನ್ನು ಫ್ಲೋರೈಡ್ ಕಾಟ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಜಾಸ್ತಿಯೇ ಆಗುತ್ತದೆ.

ಅಡುಗೆಗೆ ಮಳೆನೀರು ಹಿಡಿಯೋಣ ಅಂತ ಹೊರಟೆ. ತಗಡಿನ ಸೂರು 30 ಅಡಿಗೆ 40 ಅಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಿಡಿದು ಹೋಗುವುದು, ಆರಿ ಹೋಗುವುದು ಕಳೆದರೂ ಒಂದು ಅಂಗುಲದ ಮಳೆಗೆ 2,400 ಲೀಟರ್ ಹತ್ತಿರ ಸಿಗಬೇಕು. ಲೆಕ್ಕ ಸುಲಭ. ನೀರು ಹಿಡಿದಿಡುವ ತೊಟ್ಟಿ ಹೂಳುವುದೇ ಕಷ್ಟ.

ಮೊದಲು ಸಿಮೆಂಟ್ ರಿಂಗ್ ಇಳಿಸಿದೆ. ನಾಲ್ಕು ಅಡಿ ಅಗಲದ ಹತ್ತು ರಿಂಗ್ ಅಂದುಕೊಂಡಿದ್ದೆ. ಆರು ಅಡಿಗೇ ಬಂಡೆ ಸಿಕ್ಕಿತು. ದುರ್ಗದಲ್ಲಿ ಬಂಡೆ ಸಿಗದೆ ಇನ್ನೇನು ಸಿಗುತ್ತದೆ, ಅಲ್ವಾ? ಆರೇ ರಿಂಗಿಗೆ ನಿಂತೆ. ಹಿಡಿದದ್ದು 2,100 ಲೀಟರ್, ಖರ್ಚು 18 ಸಾವಿರ. ಮೂರರಲ್ಲಿ ಇದೇ ಅಗ್ಗ, ಎರಡೇ ದಿನದ ಕೆಲಸ. ಆದರೆ ರಿಂಗಿಗೂ ರಿಂಗಿಗೂ ನಡುವಿನ ಸಂದಿ ನಿಲ್ಲಲಿಲ್ಲ. ಗಾರೆ ಮೆತ್ತಿಸಿದೆ, ಒಂದು ಬೇಸಿಗೆಗೆ ಬಿರುಕು ಬಿಟ್ಟಿತು. ಮತ್ತೆ ಮೆತ್ತಿಸಿದೆ, ಮತ್ತೆ ಬಿಟ್ಟಿತು. ತುಂಬಿದ ನೀರು ಹತ್ತು ದಿನಕ್ಕೆ ಮೊಣಕಾಲುದ್ದಕ್ಕೆ ಬರುತ್ತಿತ್ತು.

ಸಂದಿಯ ತಂಟೆಯೇ ಬೇಡ ಅಂತ ಆಮೇಲೆ ಪ್ಲಾಸ್ಟಿಕ್ ತಂದೆ. ಮಾಳಿಗೆ ಮೇಲೆ ಇಡುವ ಕಪ್ಪು ಟ್ಯಾಂಕ್ ಅಲ್ಲ, ಅದನ್ನು ಹೂತರೆ ಮಣ್ಣಿನ ಒತ್ತಡಕ್ಕೆ ಹೊಟ್ಟೆ ಒಳಗೆ ಹೋಗುತ್ತದೆ. ಹೂಳಲಿಕ್ಕೆಂದೇ ಮಾಡಿದ, ಮೈತುಂಬ ದಪ್ಪ ಪಟ್ಟಿ ಇರುವ 2,000 ಲೀಟರಿನದು. ಗುಂಡಿ, ಮರಳು ಸೇರಿ 34 ಸಾವಿರ ಆಯಿತು. ಒಂದು ಹನಿ ಸೋರಲಿಲ್ಲ. ನೀರಿಗೆ ವಾಸನೆಯೂ ಇರಲಿಲ್ಲ. ಇದೇ ಸರಿ ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಆಮೇಲೆ ಉತ್ತರೆ ಮಳೆ ಬಂತು. ತೊಳೆಯಲಿಕ್ಕೆ ಅಂತ ಟ್ಯಾಂಕ್ ಖಾಲಿ ಮಾಡಿ, ಒಳಗೆ ಬರುವ ಪೈಪು ಬಿಚ್ಚಿಟ್ಟಿದ್ದೆ. ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ನೋಡಿದರೆ ಟ್ಯಾಂಕ್ ನೆಲದಿಂದ ಒಂದು ಗೇಣು ಮೇಲೆದ್ದು ಕೂತಿದೆ! ಕೆಳಗೆ ಬಂಡೆ, ನೀರು ಇಂಗಲಿಕ್ಕೆ ಜಾಗ ಇಲ್ಲ. ಗುಂಡಿಯೇ ಬಾಣಲೆಯ ಹಾಗೆ ತುಂಬಿ, ಖಾಲಿ ಟ್ಯಾಂಕನ್ನು ದೋಣಿ ಎತ್ತಿದ ಹಾಗೆ ಎತ್ತಿದೆ. 2,000 ಲೀಟರಿನ ಟ್ಯಾಂಕ್ ಪೂರ್ತಿ ಮುಳುಗಿದರೆ ನೀರು ಅದನ್ನು ಎರಡು ಟನ್ ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ, ಮೇಲಿದ್ದ ಒಂದಿಷ್ಟು ಮಣ್ಣು ಯಾವ ಲೆಕ್ಕ? ತಳಕ್ಕೆ ಕಾಂಕ್ರೀಟ್ ಹಾಕಿ ಪಟ್ಟಿಯಿಂದ ಬಿಗಿಯಬೇಕಿತ್ತು. ಹೂತ ಮೇಸ್ತ್ರಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಸಲೀಸಾಗಿ ಇಂಗುವ ನೆಲ ಇದ್ದವರು ಕಣ್ಣು ಮುಚ್ಚಿ ಪ್ಲಾಸ್ಟಿಕ್ ತರಬಹುದು. ನನ್ನ ಹಿತ್ತಲಿಗೆ ಅದು ಒಗ್ಗಲಿಲ್ಲ.

ಕೊನೆಗೆ ಇಟ್ಟಿಗೆ ಸಂಪು ಕಟ್ಟಿಸಿದೆ. ಒಳಗಡೆ 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ, 6,800 ಲೀಟರ್. 1 ಲಕ್ಷದ 2 ಸಾವಿರ ಕೈ ಬಿಟ್ಟಿತು. ಎದೆ ಝಲ್ಲೆನ್ನುವ ಮೊತ್ತ, ನಿಜ. ಆದರೆ ಲೀಟರಿಗೆ ಹಂಚಿದರೆ 15 ರೂಪಾಯಿ. ಪ್ಲಾಸ್ಟಿಕ್‌ಗೆ 17 ಬಿದ್ದಿತ್ತು. ರಿಂಗಿಗೆ ಎಂಟೂವರೆ, ಸೋರಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಬೇಳೆಗೂ ಅನ್ನಕ್ಕೂ ದಿನಕ್ಕೆ 150 ಲೀಟರ್ ಬೇಕು. ಹಸ್ತ, ಚಿತ್ತೆ ಮಳೆಗೆ ಒಮ್ಮೆ ತುಂಬಿದರೆ 45 ದಿನ ನಿಶ್ಚಿಂತೆ.

ಸಂಪಿನ ಕಿರಿಕಿರಿ ಇರುವುದು ಶುರುವಿನಲ್ಲಿ. ಹೊಸ ಗಾರೆಯ ಸುಣ್ಣ ನೀರಿಗೆ ಬಿಡುತ್ತದೆ. ಮೊದಲ ಎರಡು ಸಲ ತುಂಬಿದ್ದನ್ನು ನೆಲ ತೊಳೆಯಲಿಕ್ಕೆ ಬಳಸಿ ಖಾಲಿ ಮಾಡಿದೆ.

ಯಾವ ತೊಟ್ಟಿಯಾದರೂ ಅದರ ಮುಂಚಿನ ಕೆಲಸ ಒಂದೇ. ನಮ್ಮ ಸೂರಿನ ಮೇಲೆ ನಮ್ಮದೇ ಸೌದೆ ಒಲೆಯ ಮಸಿ, ಪಕ್ಕದ ಬೇವಿನ ಎಲೆ. ಮೊದಲ ನೀರು 200 ಲೀಟರಿನ ನೀಲಿ ಡ್ರಮ್ಮಿಗೆ ಹೋಗುತ್ತದೆ, ಅದನ್ನು ಚೆಲ್ಲುತ್ತೇನೆ. ಆಮೇಲಿನದು ಒಂದು ಸಣ್ಣ ತೊಟ್ಟಿಯಲ್ಲಿ ನಿಂತು, ಕಸ ತಳಕ್ಕೆ ಕೂತ ಮೇಲೆ ಸಂಪಿಗೆ ಇಳಿಯುತ್ತದೆ. ಇದೇನು ನನ್ನ ಬುದ್ಧಿಯಲ್ಲ. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಸಂಪಿನ ಮುಚ್ಚಳ ಬಿಗಿಯಾಗಿರಬೇಕು, ಗಾಳಿ ಪೈಪಿಗೆ ಸೊಳ್ಳೆ ಜಾಲರಿ ಇರಬೇಕು. ಈ ನೀರನ್ನು ಹಾಗೇ ಕುಡಿಯಲಿಕ್ಕೆ ಮಾತ್ರ ನಾನು ಕೊಡುವುದಿಲ್ಲ. ಅದಕ್ಕೆ ಶುದ್ಧ ನೀರಿನ ಘಟಕದ ಕ್ಯಾನು ಇದೆ.

ಪ್ಲಾಸ್ಟಿಕ್ ಟ್ಯಾಂಕ್ ಈಗ ಹಿತ್ತಲಲ್ಲಿ ಕಲ್ಲಿನ ಕಟ್ಟೆ ಮೇಲಿದೆ, ಕೈ ತೊಳೆಯುವ ನಲ್ಲಿಗೆ. ರಿಂಗ್ ಗುಂಡಿಯ ತಳದ ಸಿಮೆಂಟನ್ನು ನಾನೇ ಹಾರೆ ಹಿಡಿದು ಒಡೆದು, ಜಲ್ಲಿ ಮರಳು ತುಂಬಿದೆ. ಸಂಪು ತುಂಬಿ ಹೆಚ್ಚಾದ ನೀರು ಅಲ್ಲಿಗೆ ಹೋಗುತ್ತದೆ. ಎಷ್ಟು ಬೇಕಾದರೂ ಸೋರಲಿ.